ಕಾಯಬೇಡ ಪುಟ್ಟಿ, ಮೊದಲು ಕಿವಿ ತೋರಿಸು

ಪುಟ್ಟಿ, ಕೂಸಿಗೆ 2 ವರ್ಷ ತುಂಬಿದರೂ ಅಮ್ಮ, ತಾತ ಬಿಟ್ಟು ಇನ್ನೇನೂ ಅನ್ನಲ್ಲ, ಗಂಡುಮಕ್ಕಳು ಮಾತಾಡೋದೇ ತಡ ಅಂತ ಅತ್ತೆ ಹೇಳುತ್ತಾರೆ, ಇನ್ನೂ ಕಾಯಲಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ಕಾಯಬೇಡ. ನಿಮ್ಮತ್ತೆಯವರು ಬೇಜಾರು ಮಾಡಿಕೊಂಡರೆ ಅವರ ಹತ್ತಿರ ನಾನು ಮಾತಾಡುತ್ತೇನೆ.

ನಮ್ಮ ಮೈದುನನ ಮಗನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಅವನಿಗೂ ಹೀಗೇ ಅಂದರು. ಅವರಪ್ಪನೂ ತಡವಾಗಿಯೇ ಮಾತಾಡಿದ್ದು ಅಂದರು, ಹರಕೆ ಹೊತ್ತರು, ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಬಾಗಿಲು ದಢಾರ್ ಅಂದರೆ ತಿರುಗಿ ನೋಡುತ್ತಿದ್ದ, ಹಾಗಾಗಿ ಕಿವಿ ಸರಿಯಿದೆ ಅಂತ ಎಲ್ಲರೂ ಅಂದುಕೊಂಡರು. ದೊಡ್ಡ ಸದ್ದು ಕೇಳುತ್ತಿತ್ತು, ಮಾತಿನೊಳಗಿನ ಸ, ಶ ಅಂಥ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಗೊತ್ತಾಗುವಾಗ 4 ವರ್ಷ ದಾಟಿತ್ತು. ಆಮೇಲೆ ಕಿವಿಗೆ ಮಷಿನ್ ಹಾಕಿಸಿ, ಮಾತು ಕಲಿಸುವ ಥೆರಪಿಗೆ ಓಡಾಡಿ, ಈಗೇನೋ ಚೆನ್ನಾಗಿ ಮಾತಾಡುತ್ತಾನೆ, ಆದರೆ ಸ್ಕೂಲಲ್ಲಿ ಮಕ್ಕಳು ಅಣಕಿಸಿದರು ಅಂತ ಬ್ಯಾಗ್ ಬಿಸಾಕಿ ಅಳುತ್ತಿದ್ದದ್ದು ನನಗೆ ಮರೆತಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕಾಯಬೇಡ.

ಇದು ನಮ್ಮ ಮನೆಯವರ ಗ್ರೂಪಲ್ಲಿರುವ ಎಲ್ಲರಿಗೂ. ಹಬ್ಬಕ್ಕೆ ಬಂದಾಗ ನೋಡಿದೆ, ಒಂದು ವರ್ಷದ ಕೂಸಿಗೂ ಫೋನ್ ಹಿಡಿದು ತುತ್ತು ತುರುಕುತ್ತೀರಿ. ಚಂದಮಾಮ ತೋರಿಸಿ ಉಣ್ಣಿಸೋಣ ಅಂತ ನಾನು ಎತ್ತಿಕೊಂಡು ಹೊರಗೆ ಹೊರಟರೆ, ಫೋನಿಲ್ಲದೆ ತಿನ್ನಲ್ಲ ಅಂತ ವಾಪಸ್ ಇಸ್ಕೊಂಡಿರಿ. ತುಂಬಾ ಬೇಜಾರಾಯ್ತು. 2 ವರ್ಷದೊಳಗೆ ಸ್ಕ್ರೀನೇ ಬೇಡ, ಆಮೇಲೂ 5 ವರ್ಷದೊಳಗೆ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾನು ಹೇಳುತ್ತಿರುವುದೂ ಅದನ್ನೇ.

ಅಯ್ಯೋ, ಮುಖ್ಯದ್ದೇ ಬಿಟ್ಟೆ. ಮಂಡ್ಯದಿಂದ ಮೈಸೂರು ಹತ್ತಿರ ತಾನೆ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಆಯಿಷ್ ಅಂತಾರೆ, ಅಲ್ಲಿಗೆ ಕರ್ಕೊಂಡು ಹೋಗು. ಸಣ್ಣ ಮಗು, ಹೇಗೆ ಟೆಸ್ಟ್ ಮಾಡುತ್ತಾರೋ ಅಂತ ಹೆದರಬೇಡ, ಕಿವಿ ಕೇಳುತ್ತಾ ಅಂತ ಮಗು ಮಲಗಿದ್ದಾಗಲೇ ನೋಡುವ ಬೇರಾ (BERA) ಅನ್ನೋ ಟೆಸ್ಟ್ ಇದೆ. ಈ ವಯಸ್ಸಿಗೆ ‘ಅಮ್ಮ ಬಾ’, ‘ನೀರು ಬೇಕು’ ಅಂತ ಎರಡು ಪದ ಜೋಡಿಸಬೇಕು, ಅದು ಬಂದಿಲ್ಲ ಅಂತ ಅಲ್ಲಿ ಸರಿಯಾಗಿ ಹೇಳು. ಮನೆಯಲ್ಲಿ ‘ಇದೇನು ಹೇಳು, ಅದೇನು ಹೇಳು’ ಅಂತ ಪರೀಕ್ಷೆ ಮಾಡಬೇಡಿ. ಲೋಟ ತೋರಿಸಿದರೆ ಎದುರಿಗೆ ಕೂತು ‘ನೀರು ಬೇಕಾ? ನೀರು ಕೊಡ್ಲಾ?’ ಅನ್ನು, ಆಮೇಲೆ ಸ್ವಲ್ಪ ಹೊತ್ತು ಸುಮ್ನಿರು, ಅವನಿಗೆ ಬಾಯಿ ಬಿಡೋಕೆ ಸಮಯ ಬೇಕು. ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರಾದರೂ ಅಂದರೆ ಕೇಳಬೇಡ, ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗಲ್ಲ. ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಎರಡೂ ಇಟ್ಕೊ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೇ ಬನ್ನಿ.