ಮೊನೊಸೈಟ್ (ರಕ್ತದ ಒಂದು ಬಿಳಿ ಕೋಶ) ಡಿಸಿ (ಡೆಂಡ್ರೈಟಿಕ್ ಕೋಶ) ಆಗವಲ್ದು, ಪಿಜಿಇ2 (ಪ್ರೊಸ್ಟಾಗ್ಲಾಂಡಿನ್ ಇ2) ಯಾವ ದಿನ ಹಾಕಬೇಕ್ರಿ?

ಕೇಳಿದವರು (ಕಲಬುರಗಿ): ಜಿಎಂ-ಸಿಎಸ್‌ಎಫ್, ಐಎಲ್-4 (ಎರಡೂ ಮೊನೊಸೈಟನ್ನ ಡಿಸಿ ಮಾಡೋ ಸೈಟೊಕೈನ್, ಅಂದ್ರ ಕೋಶಕ್ಕ ಸಂದೇಶ ಕೊಡೋ ಪ್ರೋಟೀನ್) ಜೋಡಿ ಪಿಜಿಇ2ನೂ ಮೊದಲ ದಿನಾನೇ ಹಾಕೀನಿ. ಆರನೇ ದಿನಕ್ಕೂ ಸಿಡಿ14 (ಮೊನೊಸೈಟ್ ಗುರುತು) ಇಳಿದಿಲ್ಲ, ಸಿಡಿ1ಎ (ಡಿಸಿ ಗುರುತು) ಬಂದಿಲ್ಲ. ಸೈಟೊಕೈನ್ ಕೆಟ್ಟದ ಏನ್ರಿ? ನಿಮ್ಮ ಅನುಭವ ಹೇಳ್ರಿ.

ಬೀದರ್ ಬೆಂಚು: ಸೈಟೊಕೈನಿಗ್ಯಾಕ ಬೈತೀರಿ? ಮೊದಲ ದಿನ ಪಿಜಿಇ2 ಬಿದ್ರ ಇಪಿ2, ಇಪಿ4 (ಪಿಜಿಇ2 ಹಿಡಿಯೋ ಗ್ರಾಹಕ) ಮೂಲಕ ಸಿಎಎಂಪಿ (ಕೋಶದೊಳಗಿನ ಸಂದೇಶವಾಹಕ) ಏರ್ತದ. ಮೊನೊಸೈಟ್ ಡಿಸಿ ದಾರಿ ಬಿಟ್ಟು ಟಿ ಕೋಶ (ರೋಗ ಎದುರಿಸೋ ಬಿಳಿ ಕೋಶ) ಅದುಮೋ ಜಾತಿಗೆ ಹೊಳ್ಳತದ. ನಾವು ಆರನೇ ದಿನಕ್ಕ ಟಿಎನ್‌ಎಫ್-ಆಲ್ಫಾ, ಐಎಲ್-1ಬೀಟಾ, ಐಎಲ್-6 ಕೂಡ ಪಿಜಿಇ2 ಮಿಲಿಗೆ 1 ಮೈಕ್ರೊಗ್ರಾಂ ಹಾಕ್ತೀವಿ, ಸಿಸಿಆರ್7 (ಡಿಸಿನ ದುಗ್ಧಗ್ರಂಥಿಗೆ ಒಯ್ಯೋ ಗ್ರಾಹಕ) ಏರ್ತದ. 1997ರ ಹಳೇ ಮಿಶ್ರಣ ಇದು.

ಯಾದಗಿರಿ ಪಿಪೆಟ್: ಅರ್ಧ ಹೇಳಿ ಅರ್ಧ ನುಂಗಿದ್ರಲ್ಲ! ಅದೇ ಮಿಶ್ರಣದಾಗ ಐಎಲ್-12 ತಗ್ಗತದ, ಅದು ಟಿಎಚ್1 (ಕೋಶದೊಳಗಿನ ರೋಗಾಣು ಎದುರಿಸೋ ಟಿ ಕೋಶ) ಹುಟ್ಟಿಸೋ ಸೈಟೊಕೈನ್. ಟಿಎಚ್1 ಬೇಕಾದವ್ರು ಇದನ್ನ ನಂಬಿದ್ರ ಕೆಟ್ಟಂಗ. ಇನ್ನ ಸ್ಟಾಕ್: 1 ಮಿಲಿಗ್ರಾಂ ಪಿಜಿಇ2ಗೆ 284 ಮೈಕ್ರೊಲೀಟರ್ ಎಥನಾಲ್ ಹಾಕಿದ್ರ 10 ಮಿಲಿಮೋಲಾರ್. ಮಿಲಿಗೆ ಬೇಕಾಗೋದು ಬರೇ 0.28 ಮೈಕ್ರೊಲೀಟರ್, ಅದನ್ನ ಯಾವ ಪಿಪೆಟ್ಟೂ ನೆಟ್ಟಗ ಎತ್ತಂಗಿಲ್ಲ. ಅವತ್ತೇ ಮೀಡಿಯಾದಾಗ ನೂರಕ್ಕೊಂದು ಮಾಡ್ಕೊಂಡು ಮಿಲಿಗೆ 28 ಮೈಕ್ರೊಲೀಟರ್ ಹಾಕ್ರಿ. ಹೋಲಿಕೆಗೆ ಬರೇ ಎಥನಾಲ್ ಹಾಕಿದ ತಟ್ಟೆ ಗುಳಿನೂ ಒಂದಿರ್ಲಿ.

ರೆಟಿನಾಯಿಕ್ ರಾಯ: ಪಿಜಿಇ2 ಹಿಂದ ಯಾಕ ಬಿದ್ದೀರಿ? ನೈವ್ ಸಿಡಿ4ಗೆ (ಇನ್ನೂ ಕೆಲಸಕ್ಕಿಳಿಯದ ಟಿ ಕೋಶ) ಟಿಜಿಎಫ್-ಬೀಟಾ ಮಿಲಿಗೆ 5 ನ್ಯಾನೊಗ್ರಾಂ, ಐಎಲ್-2, ಮ್ಯಾಲ ರೆಟಿನಾಯಿಕ್ ಆಮ್ಲ (ವಿಟಮಿನ್ ಎ ಇಂದ ಬರೋದು) 10 ನ್ಯಾನೊಮೋಲಾರ್. ಫಾಕ್ಸ್‌ಪಿ3 (ಅದುಮೋ ಟಿ ಕೋಶದ ಗುರುತು) ಏರ್ತದ, ಟಿಎಚ್17 (ಉರಿಯೂತ ಏರ್ಸೋ ಟಿ ಕೋಶ) ತಗ್ಗತದ. ಟ್ಯೂಬ್‌ಲೈಟ್ ಕೆಳಗ ತೆರೆದಿಟ್ರ ಈ ಆಮ್ಲದ ರೂಪಾನೇ ಬದಲಾಗ್ತದ, ಫಾಯಿಲ್ ಸುತ್ರಿ. ಸೀರಂ ಒಳಗ ರೆಟಿನಾಲ್ (ವಿಟಮಿನ್ ಎ) ಇರ್ತದ, ಲಾಟ್ ಬದಲಾದ್ರ ಫಲಿತಾಂಶಾನೂ ಬದಲಿ. ಒಂದೇ ಲಾಟಿನ ಆರು ಬಾಟ್ಲಿ ಒಮ್ಮೆಲೇ ತಗೋರಿ, ರೊಕ್ಕ ಹೋದ್ರೂ ಹೋಗ್ಲಿ.

ಬೀದರ್ ಬೆಂಚು: ಕೇಳಿದ್ದು ಮೊನೊಸೈಟ್, ನೀವು ಹೇಳಿದ್ದು ಟಿ ಕೋಶ. ಜ್ವಾಳ ಕೇಳಿದ್ರ ತೊಗರಿ ಅಳೀತೀರಿ. ಮೇ ತಿಂಗಳಾಗ ಹೈದರಾಬಾದಿಂದ ಪೆಟ್ಟಿಗೆ ಡ್ರೈ ಐಸ್ ಇಲ್ದ ಬಂದ್ರ ಪಿಜಿಇ2 ಉಳೀತದೇನು, ಅದನ್ನರ ಹೇಳ್ರಿ.

ಯಾದಗಿರಿ ಪಿಪೆಟ್: ಒಣ ಪುಡಿ ಒಂದಿನದ ಸೆಕಿಗೆ ಅಷ್ಟು ಹೆದರಂಗಿಲ್ರಿ. ಬಫರಿನಾಗ ಕರಗಿಸಿ ಇಟ್ರ ನೀರಿನಂಶ ಕಳಕೊಂಡು ಪಿಜಿಎ2 ಅನ್ನೋ ಬೇರೆ ವಸ್ತು ಆಗ್ತದ. ಕೆಡಿಸೋರು ನಾವು, ಬೈಸ್ಕೊಳ್ಳೋದು ಕೊರಿಯರ್‌ದವ.

ಕೇಳಿದವರು: ಹಂಗಾದ್ರ ಈ ತಟ್ಟೆ ಒಗೀಲೇನ್ರಿ?

ಬೀದರ್ ಬೆಂಚು: ಒಗೀಬ್ಯಾಡ್ರಿ. ಈ ಕೋಶಾನ ಟಿ ಕೋಶದ ಜೋಡಿ ಇಟ್ಟು ನೋಡ್ರಿ, ಅದುಮಿದ್ರ ಪುಕ್ಕಟೆ ಕಂಟ್ರೋಲ್ ಸಿಕ್ಕಂಗ.

ಯಾದಗಿರಿ ಪಿಪೆಟ್: ತೊಳೀದ ಇಟ್ರ ಅದುಮಿದ್ದು ಕೋಶನೋ, ಉಳಿದ ಪಿಜಿಇ2ನೋ? ಮೊದ್ಲ ಮೂರು ಸಲ ತೊಳೀರಿ.