ಸಹಾಯ ಬೇಕು: 'ಬೇಡ' ಒತ್ತುವ ಮೊದಲೇ ಕುಕೀ ಬರುತ್ತಿದೆ

ನಮಸ್ಕಾರ. ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದೇನೆ, ಮಸಾಲೆ ಪುಡಿ ಮಾರುವ ಸಣ್ಣ ವರ್ಡ್‌ಪ್ರೆಸ್ ಸೈಟ್ ನಡೆಸುತ್ತೇನೆ. ಇಲ್ಲಿ ಕುಕೀಗೆ (ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಸಣ್ಣ ಮಾಹಿತಿ ತುಣುಕು) ಒಪ್ಪುವಷ್ಟೇ ಸುಲಭವಾಗಿ ಬೇಡ ಅನ್ನಲೂ ಆಗಬೇಕು. ಹಾಗಿಲ್ಲ ಅಂತಲೇ ಇಲ್ಲಿನ ಖಾಸಗಿ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತ್ತು.

ನಾನೂ 'ಒಪ್ಪಿಗೆ' ಪಕ್ಕದಲ್ಲೇ ಅಷ್ಟೇ ದೊಡ್ಡ 'ಎಲ್ಲಾ ಬೇಡ' ಬಟನ್ ಇಟ್ಟೆ. ಆದರೆ ಬ್ರೌಸರ್‌ನಲ್ಲಿ ನೋಡಿದರೆ, ಏನೂ ಒತ್ತುವ ಮೊದಲೇ ಜಾಹೀರಾತಿನ ಕುಕೀ ಬಂದು ಕೂತಿರುತ್ತದೆ! ಕ್ಯಾಶ್ ಅಳಿಸಿದೆ, ಒಪ್ಪಿಗೆ ಕೇಳುವ ಬ್ಯಾನರ್‌ನ ಪ್ಲಗಿನ್ ಎರಡು ಸಲ ಬದಲಿಸಿದೆ. ಆಗಲಿಲ್ಲ. ಗ್ರಾಹಕರನ್ನು ಕೇಳದೆ ಹಿಂಬಾಲಿಸುವುದು ತಪ್ಪು ಅಲ್ವಾ, ಅದೇ ಜಾಸ್ತಿ ಕಾಡುತ್ತಿದೆ. ಕಾರ್ಟ್ ಕುಕೀಗೆ ಒಪ್ಪಿಗೆ ಬೇಕಿಲ್ಲ, ಅದು ಗೊತ್ತು.

ಜಾಹೀರಾತಿನ ಸ್ಕ್ರಿಪ್ಟನ್ನು ಒಪ್ಪಿಗೆ ಸಿಗುವ ತನಕ ತಡೆಯುವುದು ಎಲ್ಲಿ? ಥೀಮ್‌ನ ಹೆಡರ್‌ನಲ್ಲೋ, ಟ್ಯಾಗ್ ಮ್ಯಾನೇಜರ್‌ನಲ್ಲೋ (ಸೈಟ್‌ನ ಇಂಥ ಸ್ಕ್ರಿಪ್ಟ್‌ಗಳನ್ನು ಒಂದೇ ಕಡೆ ನಿಭಾಯಿಸುವ ಸಾಧನ)? ಮಾಡಿದವರು ದಯವಿಟ್ಟು ತಿಳಿಸಿ.