ಸಮಸ್ಯಾಪೂರಣ: ಬೆಟ್ಟ ಹತ್ತಿದ ಓಡ

ಹಾಯಿಪಟ: ಈ ವಾರದ ವಿಷಯ ಕಡಲು ಮತ್ತು ಹಡಗು. ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು ಇಲ್ಲಿದೆ. ಅದು ಅರ್ಥಕ್ಕೆ ಕೂರುವ ಹಾಗೆ ಮೊದಲ ಮೂರು ಸಾಲು ನೀವು ಬರೆಯಬೇಕು.

ಬೆಟ್ಟವನೇರಿತು ಸಮುದ್ರವಂ ತೊರೆದೋಡಂ

ಹಡಗನ್ನು ಬೆಟ್ಟ ಹತ್ತಿಸುವುದು ನಿಮ್ಮ ಕೆಲಸ. ಕನಸು ಕಂಡೆ ಅಂತ ಮಾತ್ರ ಮುಗಿಸಬೇಡಿ. ಹೋದ ಸಲ ಮೂರು ಜನ ಅದೇ ದಾರಿ ಹಿಡಿದಿದ್ದರು.

ಲಘುಗುರು: ಕನಸು ಯಾಕೆ ಬೇಕು? ನಿಜವಾಗಿಯೇ ಹತ್ತಿದೆ.

ಕಟ್ಟಿದ ಸರಪಳಿ ತಡೆಯಲ್
ಪಟ್ಟಣವಂ ಗೆಲ್ವ ಛಲದೆ ಸುಲ್ತಾನಾಗಳ್
ಕಟ್ಟಿಗೆಗೆಣ್ಣೆಯ ಪೂಸಲ್
ಬೆಟ್ಟವನೇರಿತು ಸಮುದ್ರವಂ ತೊರೆದೋಡಂ

ಕಾನ್‌ಸ್ಟಾಂಟಿನೋಪಲ್, 1453. ಗೋಲ್ಡನ್ ಹಾರ್ನ್ ಎಂಬ ಕಡಲತೋಳಿನ ಬಾಯಿಗೆ ಅಡ್ಡಲಾಗಿ ದಪ್ಪ ಸರಪಳಿ ಕಟ್ಟಿದ್ದರು. ಆಟಮನ್ ಸುಲ್ತಾನ ಎರಡನೇ ಮೆಹ್ಮದ್‌ನ ಹಡಗುಗಳಿಗೆ ಅದನ್ನು ಮುರಿದು ಒಳಗೆ ನುಗ್ಗಲು ಆಗಲಿಲ್ಲ. ಜಿಡ್ಡು ಬಳಿದ ದಿಮ್ಮಿಗಳನ್ನು ಹಾಸಿ, ಸುಮಾರು 70 ಹಡಗುಗಳನ್ನು ಎದುರು ದಡದ ಗಲಾಟಾದ ಹಿಂದಿನ ಗುಡ್ಡದ ಮೇಲಿಂದ ಎಳೆಸಿ ಆಚೆ ಇಳಿಸಿದ. ಏಪ್ರಿಲ್ 22. ಮೇ 29ಕ್ಕೆ ಊರು ಬಿತ್ತು.

ನೀರಲೆ: ಕೀಲಕ, ಅಂದರೆ ಸಮಸ್ಯೆ ಬಿಡಿಸಿದ ಯುಕ್ತಿ, ಚೆನ್ನಾಗಿದೆ. 'ಗೆಲ್ವ ಛಲದೆ' ಎಷ್ಟು ಸಲೀಸಾಗಿ ಕುಳಿತಿದೆ!

ಶರಧಿ: ಒಂದು ಮಾತು. 'ಪೂಸಲ್' ಅಂದರೆ ಸುಲ್ತಾನನೇ ಕೂತು ಎಣ್ಣೆ ಬಳಿದ ಹಾಗಾಯಿತು. 'ಪೂಸಿಸೆ' ಅನ್ನಿ. ಮಾತ್ರೆಯೂ ಸರಿ, ಅರ್ಥವೂ ಸರಿ.

ಲಘುಗುರು: ರಾಜ ಕೆರೆ ಕಟ್ಟಿದ ಅನ್ನುತ್ತೇವೆ. ರಾಜನೇ ಮಣ್ಣು ಹೊತ್ತನೇ? ಆದರೆ 'ಪೂಸಿಸೆ' ಕಿವಿಗೂ ಹಿತವಾಗಿದೆ. ತೆಗೆದುಕೊಂಡೆ. ನಿಮ್ಮ ಪದ್ಯ ಎಲ್ಲಿ ರಾಯರೇ?

ಶರಧಿ: ತಗೊಳ್ಳಿ.

ಮುಟ್ಟಿರೆ ಜಗವ ಪ್ರಳಯಂ
ದಿಟ್ಟಂ ಮನು ಮೀನಕೊಂಬಿನಾಸರೆವಿಡಿದಂ
ಕಟ್ಟಲ್ಕಾ ಹಿಮಶಿಖರದೆ
ಬೆಟ್ಟವನೇರಿತು ಸಮುದ್ರವಂ ತೊರೆದೋಡಂ

ಶತಪಥ ಬ್ರಾಹ್ಮಣದಲ್ಲೂ ಈ ಕಥೆ ಇದೆ, ಮಹಾಭಾರತದ ವನಪರ್ವದಲ್ಲೂ ಇದೆ. ದೋಣಿ ಕಟ್ಟಿದ ಶಿಖರಕ್ಕೆ ನೌಬಂಧನ ಅಂತಲೇ ಹೆಸರು ಬಿತ್ತು.

ಹಾಯಿಪಟ: ಮೆಸಪೊಟೇಮಿಯಾದ ಗಿಲ್ಗಮೆಶ್ ಕಥೆಯ ಹಡಗೂ ನೀರಿಳಿದಾಗ ಬೆಟ್ಟದ ಮೇಲೇ ನಿಲ್ಲುತ್ತದೆ. ಬೈಬಲಿನ ನೋಹನದು ಅರಾರತ್ ಬೆಟ್ಟಗಳಲ್ಲಿ. ಹಡಗಿಗೂ ಬೆಟ್ಟಕ್ಕೂ ಹಳೆಯ ನಂಟು.

ಲಘುಗುರು: ನಂಟು ಇರಲಿ. ಮೊದಲ ಸಾಲಿನಲ್ಲಿ ಒಂದು ಮಾತ್ರೆ ಕಮ್ಮಿ ಇದೆ.

ಶರಧಿ: ಇಲ್ಲ. ಮುಂದೆ 'ಪ್ರ' ಎಂಬ ಒತ್ತಕ್ಷರ ಬಂದಿದೆ. ಹಾಗಾಗಿ 'ವ' ಗುರು, ಎರಡು ಮಾತ್ರೆ.

ಲಘುಗುರು: ಎರಡೂ ಬೇರೆ ಬೇರೆ ಪದ. 'ಜಗವ' ಅಂತ ನಿಂತು ಆಮೇಲೆ 'ಪ್ರಳಯಂ' ಅನ್ನುತ್ತೇವೆ. ಒತ್ತು ಎಲ್ಲಿ ಬೀಳುತ್ತದೆ?

ಶರಧಿ: ಹಳಗನ್ನಡದ ಕವಿಗಳು ನಿಮ್ಮ ಹಾಗೆ ನಿಂತು ನಿಂತು ಓದುತ್ತಿರಲಿಲ್ಲ. ಪದ ಬೇರೆಯಾದರೂ ಗುರು ಗುರುವೇ.

ಲಘುಗುರು: ಒಪ್ಪೋಣ. ಹಾಗಾದರೆ ಮಳೆಗಾಲದ ಸಮಸ್ಯೆಯಲ್ಲಿ 'ಮಳೆಯ ಪ್ರವಾಹ' ಅಂತ ಬರೆದು, 'ಯ' ಲಘು ಅಂತ ಎರಡು ದಿನ ವಾದ ಮಾಡಿದ್ದು ಯಾರು? ನನಗೆ ಚೆನ್ನಾಗಿ ನೆನಪಿದೆ. ಅವತ್ತು ನಾನು ಗುರು ಅಂದಿದ್ದೆ.

ಶರಧಿ: ಅದು ಹೊಸಗನ್ನಡದ ಷಟ್ಪದಿ. ಇದು ಹಳಗನ್ನಡದ ನಡೆ ಇರುವ ಕಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಲಘುಗುರು: ತಕ್ಕಡಿ ನಿಮ್ಮದೇ. ನೀವು ಕೂತ ಕಡೆ ಅದು ವಾಲುತ್ತದೆ.

ನೀರಲೆ: ಇಬ್ಬರೂ ಸ್ವಲ್ಪ ಕೇಳಿ. 'ಜಗವಂ' ಅಂದರೆ 'ವಂ' ಹೇಗೂ ಗುರು, ಮುಗಿಯಿತಲ್ವಾ? ಒಂದು ಸೊನ್ನೆಯ ಮಾತು.

ಶರಧಿ: ಸೊನ್ನೆ ಹಾಕುವುದು ನನಗೂ ಗೊತ್ತಮ್ಮ. ಹಾಕಿದರೆ ಇವರ ವಾದ ಒಪ್ಪಿಕೊಂಡ ಹಾಗೆ. ಹಾಕುವುದಿಲ್ಲ.

ನೀರಲೆ: ಸರಿ, ನನ್ನದು ಇದು.

ಅಟ್ಟಿದ ಗಾಳಿಗೆ ಪೆರ್ದೆರೆ
ಒಟ್ಟಿರೆ ನೀರಂ ನಭಕ್ಕೆ ಮುಟ್ಟುವ ತೆರದಿಂ
ದಿಟ್ಟಿಗೆ ದಡದಿಂ ಕಂಡುದು
ಬೆಟ್ಟವನೇರಿತು ಸಮುದ್ರವಂ ತೊರೆದೋಡಂ

ಹಾಯಿಪಟ: ಭೇಷ್.

ಲಘುಗುರು: ಚೆನ್ನಾಗಿದೆ ಅಕ್ಕ.

ಶರಧಿ: ಚೆನ್ನಾಗಿದೆ.

ಲಘುಗುರು: ಈಗ ಸಮಸ್ಯೆ ಕೊಟ್ಟವರಿಗೇ ಒಂದು ಪ್ರಶ್ನೆ. ಓಡ ಅಂದರೆ ದೋಣಿ. ನನ್ನ ಪದ್ಯದಲ್ಲಿರುವುದು ಯುದ್ಧದ ಹಡಗುಗಳು. ಸಾಲಿನಲ್ಲಿ ಓಡ ಇಟ್ಟು ಹಡಗು ಹತ್ತಿಸಿ ಅಂದರೆ ಹೇಗೆ?

ಹಾಯಿಪಟ: ತುಳುವಿನಲ್ಲೂ ಓಡ ಇದೆ. ಹಲಗೆ ಜೋಡಿಸಿ ನೀರಿಗಿಳಿಸಿದ್ದು ಚಿಕ್ಕದೋ ದೊಡ್ಡದೋ ಅಂತ ಆ ಪದ ಅಷ್ಟು ಲೆಕ್ಕ ಇಡುವುದಿಲ್ಲ. ಅದಕ್ಕೇ ನನಗೆ ಇಷ್ಟ. ಹಲಗೆ ಜೋಡಿಸುವ ಮಾತು ಬಂತು ಅಂತ ಹೇಳುತ್ತೇನೆ. ಹಿಂದೂ ಮಹಾಸಾಗರದ ಎಷ್ಟೋ ಹಡಗುಗಳಿಗೆ ಮೊಳೆಯೇ ಇರಲಿಲ್ಲ. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದರು. ಅಲೆ ಬಡಿದರೆ ಹೊಲಿಗೆ ಸ್ವಲ್ಪ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಮಾರ್ಕೊ ಪೋಲೊ ಹಾರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ನೋಡಿ ಹೀಗಳೆದ. ಆದರೆ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ 1998ರಲ್ಲಿ ಸಿಕ್ಕ 9ನೇ ಶತಮಾನದ ಹಡಗು ಹೊಲಿದದ್ದೇ. ಅದರೊಳಗೆ ಸುಮಾರು 60,000 ಚೀನೀ ಪಿಂಗಾಣಿ ಸಾಮಾನು ಇತ್ತು. ಅದೇ ಮಾದರಿಯಲ್ಲಿ ಒಮಾನ್‌ನಲ್ಲಿ ಒಂದು ಹಡಗನ್ನು ಹೊಲಿದರು. 2010ರಲ್ಲಿ ಅದು ಸಿಂಗಾಪುರ ಮುಟ್ಟಿತು.

ನೀರಲೆ: ಹಾರ್ಮುಜ್‌ನಲ್ಲಿ ಹೀಗಳೆದವನಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಹೊಸಚಿಗುರು: ನಾನು ಇಲ್ಲಿ ಹೊಸಬಳು, ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಮೊಳೆ ಅಂದ ತಕ್ಷಣ ಇದು ಹೊಳೆಯಿತು. ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಎಂಬ ಸಂಸ್ಕೃತ ಗ್ರಂಥ, ಕಡಲಿನ ಹಡಗಿಗೆ ಕಬ್ಬಿಣ ಬೇಡ, ಅಯಸ್ಕಾಂತದ ಬಂಡೆ ಎಳೆದುಕೊಳ್ಳುತ್ತದೆ ಅನ್ನುತ್ತದೆ. ಹಾಗೆ ಸಿಕ್ಕಿಬಿದ್ದ ಒಂದು ಹಡಗು ನನ್ನದು.

ಕಟ್ಟಿರೆ ಕಬ್ಬಿಣ ಮೊಳೆಯಿಂ
ನೆಟ್ಟನಯಸ್ಕಾಂತಗಿರಿಯು ತನ್ನೆಡೆ ಸೆಳೆಯಲ್
ಬಿಟ್ಟೋಡಿದುವೈ ಮೊಳೆಗಳ್
ಬೆಟ್ಟವನೇರಿತು ಸಮುದ್ರವಂ ತೊರೆದೋಡಂ

ಲಘುಗುರು: ಮೊಳೆಗಳೇ ಮೊದಲು ಓಡಿದವು! ಮೂರನೇ ಸಾಲಿನ 'ಬಿಟ್ಟೋಡಿ', ಕೊನೆಯ ಸಾಲಿನ 'ತೊರೆದೋಡಂ'. ಓಡ ಪದದ ಬಗ್ಗೆ ನಾನು ಎತ್ತಿದ ತಕರಾರು ವಾಪಸ್. ಇಲ್ಲಿ ಬೇರೆ ಯಾವ ಪದವೂ ನಿಲ್ಲುತ್ತಿರಲಿಲ್ಲ.

ಶರಧಿ: ಮಗು, 'ಅಯಸ್ಕಾಂತಗಿರಿಯು' ಆ ಜಾಗಕ್ಕೇ ಹುಟ್ಟಿದ ಹಾಗಿದೆ. ಬರೆಯುತ್ತಿರು, ನಿಲ್ಲಿಸಬೇಡ.

ಹಾಯಿಪಟ: ಈ ವಾರದ ಪೂರಣ ಇದೇ. ಯಾರದಾದರೂ ಆಕ್ಷೇಪ ಇದೆಯೇ?

ಲಘುಗುರು: ಇದಕ್ಕೆ ಇಲ್ಲ. 'ಜಗವ'ಕ್ಕೆ ಇನ್ನೂ ಇದೆ.

ಶರಧಿ: ರಾತ್ರಿ ಮೊಮ್ಮಗಳ ಕೈಗೆ ಪದ್ಯ ಕೊಟ್ಟು ಗಟ್ಟಿಯಾಗಿ ಓದು ಅಂದೆ. ನಾನು ಏನೂ ಹೇಳಿಕೊಡಲಿಲ್ಲ. 'ಮುಟ್ಟಿರೆ ಜಗವ' ಅಂತ ನಿಂತಳು, ಉಸಿರು ತಗೊಂಡಳು, ಆಮೇಲೆ 'ಪ್ರಳಯಂ' ಅಂದಳು. ಎರಡನೇ ಸಲವೂ ಹಾಗೇ. ನಿಯಮ ನಾನು ಹೇಳಿದ್ದೇ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಅವಳ ಬಾಯಲ್ಲಿ ಸಾಲು ಕುಂಟಿತು, ಅದು ನನ್ನ ಕಿವಿಗೇ ಕೇಳಿಸಿತು.

ಮುಟ್ಟಿರೆ ಜಗವಂ ಪ್ರಳಯಂ

ಲಘುಗುರು: ಈಗ ಮನು ದಾಟುತ್ತಾನೆ ರಾಯರೇ. 'ಮೀನಕೊಂಬಿನಾಸರೆವಿಡಿದಂ' ಮೊದಲ ದಿನದಿಂದಲೂ ನನಗೆ ಇಷ್ಟ. ಜಗಳದಲ್ಲಿ ಹೇಳುವುದು ಉಳಿದುಹೋಗಿತ್ತು.